ಕೆಡವಿದರೂ ಖಾಲಿಯಾಗದ ಜಾಗ

ಮುಂಬೈಯ ಲೋವರ್ ಪರೇಲ್‌ನಲ್ಲಿ ಫೀನಿಕ್ಸ್ ಮಿಲ್ಲಿನ ಚಿಮಣಿ ಇನ್ನೂ ನಿಂತಿದೆ. ಸುತ್ತ ಮಾಲ್. ಬಾಯ್ಲರ್ ಹೋಯಿತು, ಕದಿರು ಹೋಯಿತು, ಭೋಂಗಾ (ಪಾಳಿಯ ಸೈರನ್) ಕೂಗಿದ ಕೂಡಲೇ ಗೇಟಿಗೆ ಓಡುತ್ತಿದ್ದವರೂ ಹೋದರು, ಹೊಗೆ ಕಾರುತ್ತಿದ್ದ ಕೊಳವೆ ಮಾತ್ರ ಸೆಲ್ಫಿಗೆ ಅಂತ ಉಳಿಯಿತು.

ಈ ತಮಾಷೆ ಇವತ್ತಿನದಲ್ಲ. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಇದೇ ಮುಂಬೈಯ ತಾಡದೇವ್‌ನಲ್ಲಿ ಹಬೆಯಂತ್ರದ ಹತ್ತಿ ಮಿಲ್ಲಿಗೆ ಕೈ ಹಾಕಿದಾಗ ಯಂತ್ರಗಳನ್ನು ಖುಷಿಯಾಗಿ ಮಾರಿದ್ದು ಇಂಗ್ಲೆಂಡಿನವರೇ. ಕಡಲಗಾಳಿಯ ತೇವಕ್ಕೆ ನೂಲು ಸುಲಭಕ್ಕೆ ಹರಿಯಲಿಲ್ಲ, ಒಂದರ ಹಿಂದೊಂದು ಮಿಲ್ ಎದ್ದವು. ಆಮೇಲೆ ನೋಡಿ, ಪೈಪೋಟಿಯ ಬಿಸಿ ತಟ್ಟಿದ್ದೇ ತಡ, ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳ ಸೀಮೆಯಾದ ಲ್ಯಾಂಕಾಶೈರ್‌ನ ಮಾಲೀಕರಿಗೆ ನಮ್ಮ ಕೂಲಿಯವರ ಮೇಲೆ ಎಲ್ಲಿಲ್ಲದ ಕನಿಕರ ಉಕ್ಕಿತು! 1881ರಲ್ಲಿ ಫ್ಯಾಕ್ಟರಿ ಕಾಯ್ದೆಯೂ ಬಂತು. ಏಳು ತುಂಬದ ಮಕ್ಕಳನ್ನು ದುಡಿಸಬಾರದು. ತುಂಬಿತಾ? ದಿನಕ್ಕೆ 9 ಗಂಟೆ ದುಡಿಸಬಹುದು. ಕನಿಕರ ಅಷ್ಟಕ್ಕೆ ಸಾಲದೆ 1896ರಲ್ಲಿ ಇಲ್ಲಿನ ಮಿಲ್ ಬಟ್ಟೆಗೆ ಶೇಕಡಾ 3.5 ತೆರಿಗೆಯನ್ನೂ ಸರ್ಕಾರದಿಂದ ಜಡಿಸಿದರು. ನಮ್ಮೂರ ಬಟ್ಟೆ ನಮ್ಮೂರಲ್ಲೇ ಮಾರೋದಕ್ಕೆ!

ಆದರೆ ಲೆಕ್ಕದಲ್ಲಿ ನಮ್ಮವರು ಅವರನ್ನೂ ಮೀರಿಸಿದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಎಷ್ಟೋ ಜನ ಮತ್ತೆ ಕೆಲಸಕ್ಕೆ ಮರಳಲೇ ಇಲ್ಲ. ಮಿಲ್‌ಗಳು ಮುಚ್ಚಿದವು, ಜಾಗ ಉಳಿಯಿತು, ಅದಕ್ಕೆ ಚಿನ್ನದ ಬೆಲೆ ಬಂತು. ಮಿಲ್ ಜಾಗವನ್ನು ಮತ್ತೆ ಕಟ್ಟುವುದಕ್ಕೆ ಬಂದ 1991ರ ನಿಯಮ ಅದನ್ನು ಹೆಚ್ಚುಕಮ್ಮಿ ಮೂರು ಪಾಲು ಮಾಡಿತ್ತು: ಮೈದಾನ, ಉದ್ಯಾನಕ್ಕೆ ಒಂದು, ಬಡವರ ಮನೆಗೆ ಒಂದು, ಮಾಲೀಕನಿಗೆ ಒಂದು. ಅಯ್ಯೋ, ಇಷ್ಟು ನ್ಯಾಯ ಯಾರಿಗೆ ತಡೆಯುತ್ತೆ? 2001ರಲ್ಲಿ ಸಣ್ಣ ತಿದ್ದುಪಡಿ ಬಂತು. ಪಾಲು ಮಾಡಬೇಕಾದ್ದು ಖಾಲಿ ಜಾಗವನ್ನು ಮಾತ್ರವಂತೆ.

ಮಿಲ್ ಅಂದರೆ ಗೋಡೆಗೆ ಗೋಡೆ ಅಂಟಿದ ಶೆಡ್ಡುಗಳು. 9 ಎಕರೆಯಲ್ಲಿ 6 ಎಕರೆ ಶೆಡ್ ಇದೆ ಅಂತಿಟ್ಟುಕೊಳ್ಳಿ. ಮೊದಲು ಊರಿಗೆ 3 ಎಕರೆ ಮೈದಾನ ಸಿಗುತ್ತಿತ್ತು, ಈಗ ಒಂದೇ. ಸರಿ ಮಾರಾಯ್ರೇ, ಶೆಡ್ ಕೆಡವಿದ ಮೇಲಾದರೂ ಆ ಜಾಗ ಖಾಲಿ ಅಲ್ವಾ? ಅಲ್ಲ! ಬುಲ್ಡೋಜರ್ ಬಂದು ಹೋದರೂ, ಹುಲ್ಲು ಬೆಳೆದು ಆಡು ಮೇಯ್ದರೂ ಕಾಗದದಲ್ಲಿ ಅದು ತುಂಬಿದ ಜಾಗವೇ. 2006ರಲ್ಲಿ ಸುಪ್ರೀಂ ಕೋರ್ಟೂ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಹಾಗಂತ ಕಾರ್ಮಿಕರನ್ನು ಸರ್ಕಾರ ಪೂರ್ತಿ ಮರೆತಿದೆ ಅನ್ನಬೇಡಿ. ಅವರಿಗೆ ಮ್ಹಾಡಾ (ಮಹಾರಾಷ್ಟ್ರ ಸರ್ಕಾರದ ವಸತಿ ಮಂಡಳಿ) ಮನೆ ಉಂಟು, ಲಾಟರಿಯಲ್ಲಿ. ಮೂವತ್ತು ವರ್ಷ ನೂಲು ತೆಗೆದವನು ತನ್ನ ಹೆಸರು ಬರುತ್ತಾ ಅಂತ ಕಾಯಬೇಕು. ಮಾಲ್‌ಗೆ ಜಾಗ ಕೊಡುವಾಗ ಯಾರೂ ಚೀಟಿ ಎತ್ತಿದ್ದು ನಾನಂತೂ ಕೇಳಿಲ್ಲ.