245 ಗೋಲು ತಿಂದವರ ಪರವಾಗಿ

ಬೆಳಗ್ಗೆ ಕಾಫಿ ಜೊತೆ ಮತ್ತದೇ ರೀಲ್ ಬಂತು. ‘ಬ್ರಿಟನ್ನಿನ ಅತಿ ಕಳಪೆ ಫುಟ್‌ಬಾಲ್ ತಂಡ’ ಅಂತ ತಲೆಬರಹ, ಕೆಳಗೆ ನಗುವ ಎಮೋಜಿಗಳ ಜಾತ್ರೆ. ಫೋರ್ಟ್ ವಿಲಿಯಂ ಅನ್ನೋ ಊರಿನ ಕ್ಲಬ್, ಸ್ಕಾಟ್ಲೆಂಡಿನ ಉತ್ತರದ ಹೈಲ್ಯಾಂಡ್ ಲೀಗ್, 2018-19ರ ಸೀಸನ್. 34 ಪಂದ್ಯ, ಗೆಲುವು ಸೊನ್ನೆ, ಡ್ರಾ ಎರಡು, ತಿಂದ ಗೋಲು 245, ಕೊನೆಗೆ ಅಂಕ ಮೈನಸ್ ಏಳು. ಸ್ಕಾಟ್ಲೆಂಡಿನ ಕೆಳಹಂತದ ಲೀಗುಗಳ ಹುಚ್ಚು ನನಗೆಷ್ಟು ಅಂತ ನಿಮಗೆ ಗೊತ್ತೇ ಇದೆ. ಸಹಿಸಿಕೊಳ್ಳಿ.

ಮೈನಸ್ ಏಳು ಹೇಗಾಯ್ತು ಅಂತ ಆ ರೀಲಿನ ಮಹಾನುಭಾವ ಹೇಳೋದೇ ಇಲ್ಲ. ಅರ್ಹತೆ ಇಲ್ಲದ ಆಟಗಾರನನ್ನು ಇಳಿಸಿದ್ದಕ್ಕೆ 9 ಅಂಕ ಕಡಿತ. ಇಡೀ ಸೀಸನ್ನಿನಲ್ಲಿ ದುಡಿದದ್ದು, ಡ್ರಾಗೆ ಒಂದರಂತೆ, 2. ಜೇಬಲ್ಲಿ ಎರಡು ರೂಪಾಯಿ ಇದ್ದವನಿಗೆ ಒಂಬತ್ತು ರೂಪಾಯಿ ದಂಡ! ಇಂಥ ಎಡವಟ್ಟು ಆಗೋದು ಹನ್ನೊಂದು ಜನ ಕೂಡದೆ ಸಿಕ್ಕವರನ್ನು ಕರೆದುಕೊಂಡು ಹೋಗುವ ಕ್ಲಬ್ಬುಗಳಲ್ಲೇ ಹೆಚ್ಚು. ಕಾಗದಪತ್ರ ನೋಡಿಕೊಳ್ಳೋಕೆ ಅಲ್ಲಿ ಸಂಬಳದ ಗುಮಾಸ್ತ ಇರಲ್ಲ.

ಸರಿ, 245. ಪಂದ್ಯಕ್ಕೆ ಏಳಕ್ಕಿಂತ ಜಾಸ್ತಿ, ಹನ್ನೆರಡು ಹದಿಮೂರು ನಿಮಿಷಕ್ಕೊಂದು. ಯಾಕೆ? ನಕ್ಷೆ ತೆಗೆದು ನೋಡಿ. ಆಗಿನ ಹೈಲ್ಯಾಂಡ್ ಲೀಗಿನ 18 ಕ್ಲಬ್ಬುಗಳಲ್ಲಿ ಬಹುಪಾಲು ಈಶಾನ್ಯ ಕರಾವಳಿಯ ಕಡೆ, ಇನ್‌ವರ್ನೆಸ್‌ನಿಂದ ಅಬರ್ಡೀನ್‌ವರೆಗೆ. ಫೋರ್ಟ್ ವಿಲಿಯಂ ಒಂದೇ ಪಶ್ಚಿಮದಲ್ಲಿ, ಬೆನ್ ನೆವಿಸ್ ಬೆಟ್ಟದ ಬುಡದಲ್ಲಿ. ಫ್ರೇಜರ್‌ಬರಾದಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ ಅಂದರೆ ಒಂದು ಕಡೆಗೇ ಸುಮಾರು 260 ಕಿಲೋಮೀಟರ್. ಮೊದಲು ಲಾಕ್ ನೆಸ್ ಸರೋವರದ ದಂಡೆಗುಂಟ ಎ82 ಹೆದ್ದಾರಿ, ಎದುರಿಗೆ ಪ್ರವಾಸಿಗರ ಕ್ಯಾರವಾನು. ಆಮೇಲೆ ಎ96, ಎ98. ನಾಲ್ಕು ತಾಸು ಬಸ್ಸಿನಲ್ಲಿ ಕೂತು ಇಳಿದವನ ಮಂಡಿ ಕೇಳಿ, ಗೋಲಿನ ಲೆಕ್ಕ ಆಮೇಲೆ ಕೇಳುವಿರಂತೆ.

ಅದೂ ಪ್ರವಾಸಿ ಊರು. ಫುಟ್‌ಬಾಲ್ ಸೀಸನ್ ಶುರುವಾಗೋದು ಜುಲೈ ಕೊನೆಗೆ, ಹೋಟೆಲಿನವರಿಗೆ ಶನಿವಾರ ರಜೆ ಕೊಡೋಕಾಗದ ಕಾಲಕ್ಕೇ ಸರಿಯಾಗಿ. ಊರಿನ ಗಟ್ಟಿ ಹುಡುಗರು ಹಿಡಿಯೋದು ಶಿಂಟಿ ಕೋಲು. ಶಿಂಟಿ ಅಂದರೆ ಹಾಕಿಯ ಒರಟು ಅಣ್ಣ, ಚೆಂಡನ್ನು ಗಾಳಿಯಲ್ಲೇ ಬೀಸಿ ಹೊಡೀಬಹುದು. ಅದರ ಸೀಸನ್ ಮಾರ್ಚಿಂದ ಅಕ್ಟೋಬರ್, ಹಾಗಾಗಿ ಫುಟ್‌ಬಾಲಿನ ಆರಂಭವನ್ನೂ ಅಂತ್ಯವನ್ನೂ ತುಳಿಯುತ್ತೆ. ಹೊರಗಿನಿಂದ ದುಡ್ಡು ಕೊಟ್ಟು ತರೋಣ ಅಂದ್ರೆ ದುಡ್ಡೆಲ್ಲಿ? ಇನ್‌ವರ್ನೆಸ್‌ನ ಹುಡುಗ ಬರಬೇಕಾದರೂ ನೂರು ಕಿಲೋಮೀಟರ್ ದಾಟಬೇಕು.

ಗೋಲು ಹೇಗೆ ಬೀಳುತ್ತೆ ಅನ್ನೋದೂ ಮುಖ್ಯ. ಬೆಂಚಿನಲ್ಲಿ ಇಬ್ಬರೋ ಮೂವರೋ. ಅರ್ಧ ಆಟಕ್ಕೆ 0-3. ಅರವತ್ತು ನಿಮಿಷ ದಾಟುತ್ತಲೇ ರಕ್ಷಣೆಯಲ್ಲಿ ಆಡುವವನ ಕಾಲು ಸೋತು, ಮುಂದೆ ಹೋದವನು ವಾಪಸ್ ಬರೋದೇ ಇಲ್ಲ. ಅದೇ ಹೊತ್ತಿಗೆ ಎದುರಾಳಿ ಹೊಸ ಕಾಲುಗಳನ್ನು ಇಳಿಸ್ತಾನೆ. ಪಟ್ಟಿಯಲ್ಲಿ ಮೇಲಿರುವವರಿಗೆ, ಅಂಕ ಸಮವಾದರೆ ಮೇಲುಗೈಗೆ, ಗೋಲು ವ್ಯತ್ಯಾಸ ಬೇಕು, ಅವರು ಕರುಣೆ ತೋರಿಸಲ್ಲ, ತೋರಿಸಬೇಕಾಗೂ ಇಲ್ಲ. ಕೊನೇ ಅರ್ಧ ಗಂಟೆಯಲ್ಲಿ 0-3 ಅನ್ನೋದು 0-8 ಆಗೋದು ಹೀಗೆ. ಚಳಿಗಾಲದ್ದು ಇನ್ನೊಂದು ಕಾಟ. ಬೆಳಗ್ಗೆ ರೆಫರಿ ಬಂದು ಮೈದಾನಕ್ಕೆ ಹಿಮ್ಮಡಿ ಒತ್ತಿ ನೋಡ್ತಾನೆ. ಬಿಸಿಲು ಬೀಳದ ಒಂದು ಮೂಲೆ ಕಲ್ಲಿನಂತೆ ಹೆಪ್ಪುಗಟ್ಟಿದ್ದರೂ ಪಂದ್ಯ ಮುಂದಕ್ಕೆ. ಮುಂದಕ್ಕೆ ಹೋದದ್ದೆಲ್ಲ ಮಾರ್ಚ್-ಏಪ್ರಿಲ್‌ನಲ್ಲಿ ವಾರದ ನಡುವೆ ಬಂದು ರಾಶಿ ಬೀಳುತ್ತೆ. ಬುಧವಾರ ರಾತ್ರಿ ಆಡಿ, ಬೆಳಗಿನ ಜಾವ ಮನೆ ಸೇರಿ, ಗುರುವಾರ ಎಂಟಕ್ಕೆ ಕೆಲಸಕ್ಕೆ ಹೋಗಿ ನೋಡಿ ಸ್ವಾಮಿ.

‘ಇಷ್ಟು ಸೋಲುವವರು ಲೀಗಿನಲ್ಲಿ ಯಾಕಿರಬೇಕು?’ ಅಂತ ಒಬ್ಬರು ಕಾಮೆಂಟಿಸಿದ್ದಾರೆ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಆಗ ಅಲ್ಲಿಂದ ಕೆಳಗಿಳಿಯುವ ವ್ಯವಸ್ಥೆಯೇ ಇರಲಿಲ್ಲ. ಬಂದ ಮೇಲೆ, 2022ರಲ್ಲಿ, ಕೆಳಗಿನ ಹಂತದ ಬ್ಯಾಂಕ್ಸ್ ಓ ಡೀ ಕ್ಲಬ್ ಜೊತೆ, ಯಾರು ಲೀಗಿನಲ್ಲಿರಬೇಕು ಅಂತ ತೀರ್ಮಾನಿಸುವ ಪ್ಲೇಆಫ್ ಆಡಿ, ಸೋತು, ಇಳಿದೇ ಹೋದರು. ನಿಮ್ಮ ಕೋರಿಕೆ ಈಡೇರಿದೆ, ನೆಮ್ಮದಿಯಾಗಿರಿ.

ಸುಳ್ಳು ಹೇಳಲ್ಲ, ಮೈನಸ್ ಏಳು ಮೊದಲ ಸಲ ಕಂಡಾಗ ನಾನೂ ನಕ್ಕಿದ್ದೆ. ನಗು ನಿಂತದ್ದು 34 ಅನ್ನೋ ಸಂಖ್ಯೆ ನೋಡಿ. ಆ ಸೀಸನ್ನಿಗೆ ಮುಂಚೆ, 2018ರಲ್ಲಿ, ಆಡಳಿತ ಮಂಡಳಿಯವರೇ ಕೈಚೆಲ್ಲಿ ಕ್ಲಬ್ ಮುಚ್ಚುವ ಸ್ಥಿತಿ ಬಂದಿತ್ತು. ಹೊಸಬರು ಬಂದು ಹೆಗಲು ಕೊಟ್ಟರು, ಮೂವತ್ತನಾಲ್ಕೂ ಪಂದ್ಯ ಆಡಿ ಮುಗಿಸಿದರು.

ಆ ರೀಲು ನಿಲ್ಲೋದು ಮೈನಸ್ ಏಳಕ್ಕೆ. ಅಲ್ಲಿಂದ ಮೂರೇ ತಿಂಗಳಿಗೆ, 2019ರಲ್ಲಿ, ಅಲ್ಲಿನ ಬೇಸಿಗೆಯಲ್ಲಿ, ನಾರ್ತ್ ಆಫ್ ಸ್ಕಾಟ್ಲೆಂಡ್ ಕಪ್‌ನಲ್ಲಿ ಅದೇ ಲೀಗಿನ ನೇರ್ನ್ ಕೌಂಟಿ ಮೇಲೆ ಇವರು ಗೆದ್ದರು. 5-2. ಗೆಲುವು ಕಂಡು ಆಗಲೇ 840 ದಿನ ಆಗಿತ್ತು. ಅದರ ರೀಲ್ ಯಾರ ಹತ್ತಿರವಾದರೂ ಇದ್ದರೆ ಕಾಮೆಂಟಿನಲ್ಲಿ ಹಾಕಿ.