ಸಕ್ಕರೆ ಕಾರ್ಖಾನೆಯ ಮೀಥೇನಿಂದ ಮೆಥನಾಲ್ ಮಾಡಬೇಕಾ?

ಪರ

ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆ ಪಕ್ಕ ಹಾದುಹೋದವರಿಗೆ ಸ್ಪೆಂಟ್‌ವಾಶ್, ಅಂದರೆ ಡಿಸ್ಟಿಲರಿಯ ಕೊಳಚೆ ನೀರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೂಗೇ ಹೇಳುತ್ತದೆ. ಅದೂ, ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡೂ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕ ಹಿಡಿದರೆ, ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇದು 80 ಪಟ್ಟು ಜೋರು. ದ್ರವ ಮಾಡಿ ಇಡೋಣ ಅಂದರೆ ಮೈನಸ್ 161 ಡಿಗ್ರಿಗೆ ಇಳಿಸಬೇಕು. ಅದರಿಂದ ಮಾಡಿದ ಮೆಥನಾಲ್ ಮಾಮೂಲಿ ಬಿಸಿಯಲ್ಲೇ ದ್ರವ, ಸುಮ್ನೆ ಟ್ಯಾಂಕರಿಗೆ ತುಂಬಿ ಕಳಿಸಬಹುದು.

ಈಗಿನ ದಾರಿ ಬಳಸುದಾರಿ. 800-900 ಡಿಗ್ರಿಯಲ್ಲಿ ಮೀಥೇನನ್ನು ಹಬೆಯ ಜೊತೆ ಒಡೆದು, ಬಂದ ಅನಿಲಗಳನ್ನು 50-100 ಬಾರ್ ಒತ್ತಡದಲ್ಲಿ ಮತ್ತೆ ಕೂಡಿಸಬೇಕು. ದೊಡ್ಡ ಘಟಕಕ್ಕಷ್ಟೇ ಇದು ಗಿಟ್ಟುತ್ತದೆ.

ಕಬ್ಬಿಣ ಕೂರಿಸಿದ ಜಿಯೋಲೈಟ್ ಈ ಸುತ್ತಾಟ ತಪ್ಪಿಸುತ್ತದೆ. ಜಿಯೋಲೈಟ್ ಅಂದರೆ ಜರಡಿಯಂಥ ಹರಳು, ತೂತುಗಳು ಅರ್ಧ ನ್ಯಾನೋಮೀಟರ್ ಆಸುಪಾಸು. ವಿಜಯಪುರದ ನೆಲದಡಿ ಇರುವಂಥ ದಖನ್ ಬಸಾಲ್ಟಿನ ಪೊಟರೆಗಳಲ್ಲಿ ಬೆಳ್ಳಗೆ ಮೂಡುವ ಹರಳುಗಳೂ ಇದೇ ವಂಶದವು. ತೂತಿನೊಳಗಿನ ಒಂಟಿ ಕಬ್ಬಿಣಕ್ಕೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ನೈಟ್ರೋಜನ್ ಹೊರಟುಹೋಗುತ್ತದೆ, ಒಂದು ಆಕ್ಸಿಜನ್ ಅಲ್ಲೇ ಕೂರುತ್ತದೆ. ನೊವೊಸಿಬಿರ್ಸ್ಕ್‌ನ ಪಾನೊವ್ ಗುಂಪು ಇದನ್ನು 'ಆಲ್ಫಾ ಆಕ್ಸಿಜನ್' ಎಂದು ಕರೆಯಿತು. ಮೀಥೇನಿನ ಒಂದು ಹೈಡ್ರೋಜನ್ ಕೀಳಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಬೇಕು. ಅಷ್ಟು ಗಟ್ಟಿ ಬಂಧವನ್ನು ಇದು ಕೋಣೆಯ ಬಿಸಿಯಲ್ಲೇ ಮುರಿಯುತ್ತದೆ! ಕೆಸರಿನ ಕೆಲವು ಬ್ಯಾಕ್ಟೀರಿಯಾಗಳೂ ಕಬ್ಬಿಣದ ಕಿಣ್ವ ಇಟ್ಟುಕೊಂಡು ಇದೇ ಕೆಲಸ ಮಾಡುತ್ತವೆ.

ವಿರೋಧ

ಮುರಿಯುತ್ತದೆ, ನಿಜ. ಆದರೆ ಹುಟ್ಟಿದ ಮೆಥನಾಲ್ ಒಳಗೇ ಅಂಟಿಕೊಳ್ಳುತ್ತದೆ. ನೀರೋ ಹಬೆಯೋ ಹಾಯಿಸಿ ಬಿಡಿಸಬೇಕು. ಆಮೇಲೆ ಒಣಗಿಸಿ, ಕಾಯಿಸಿ, ಮತ್ತೆ ನೈಟ್ರಸ್ ಆಕ್ಸೈಡ್ ಕೊಡಬೇಕು. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಹರಳಿನಲ್ಲಿ 10 ಗ್ರಾಂ ಕಬ್ಬಿಣ ಇದೆ ಅನ್ನಿ. ಒಂದೊಂದು ಕಬ್ಬಿಣದ ಪರಮಾಣುವೂ ಒಂದೊಂದು ಮೆಥನಾಲ್ ಅಣು ಕೊಟ್ಟರೂ ಒಂದು ಸಲಕ್ಕೆ ಸಿಗುವುದು 6 ಗ್ರಾಂಗೂ ಕಮ್ಮಿ. ಅಷ್ಟೂ ಕಬ್ಬಿಣ ಕೆಲಸ ಮಾಡುವುದಿಲ್ಲ ಬೇರೆ. ಬಿಸಿ ಹೆಚ್ಚಿಸಿ ಬಿಡದೆ ಓಡಿಸಿದರೆ ಮೆಥನಾಲ್ ಮೀಥೇನಿಗಿಂತ ಬೇಗ ಸುಡುತ್ತದೆ.

2012ರಲ್ಲಿ ಬ್ರಿಟನ್ನಿನ ಕಾರ್ಡಿಫ್ ತಂಡ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ 50 ಡಿಗ್ರಿಯಲ್ಲೇ ಇದನ್ನು ಮಾಡಿ ತೋರಿಸಿತು. ಚೆಂದದ ಕೆಲಸ. ಆದರೆ ಪೆರಾಕ್ಸೈಡ್ ಮೆಥನಾಲಿಗಿಂತ ತುಟ್ಟಿ. ನೈಟ್ರಸ್ ಆಕ್ಸೈಡಾದರೋ ನೈಲಾನಿಗೆ ಬೇಕಾದ ಅಡಿಪಿಕ್ ಆಮ್ಲ ಮಾಡುವ ಕಾರ್ಖಾನೆಯಲ್ಲಿ ಕಸವಾಗಿ ಹೊರಬೀಳುತ್ತದೆ, ಅದರ ಪಕ್ಕ ಪುಕ್ಕಟೆ ಸಿಕ್ಕೀತು. ಮುಧೋಳಕ್ಕೆ ಎಲ್ಲಿಂದ ತರೋಣ? ಸೋರಿದರೆ ಅದು ಮೀಥೇನಿಗಿಂತ ಕೆಟ್ಟದ್ದು.

ಇನ್ನು ನಮ್ಮ ಬಯೋಗ್ಯಾಸ್. ಶೇ 60ರಷ್ಟು ಮೀಥೇನ್, ಮಿಕ್ಕಿದ್ದು ಇಂಗಾಲದ ಡೈಆಕ್ಸೈಡ್, ನೀರಾವಿ, ಗಂಧಕದ ಅನಿಲ. ಇದನ್ನು ಹಾಗೇ ಹರಳಿಗೆ ಬಿಡುವಂತಿಲ್ಲ, ಶುದ್ಧ ಮಾಡಬೇಕು. ಶುದ್ಧ ಮಾಡಿದ ಮೇಲೆ ಒತ್ತಿ ಸಿಲಿಂಡರಿಗೆ ತುಂಬಿ ಗಾಡಿ ಓಡಿಸಬಹುದಲ್ವಾ? ಬಾಯ್ಲರಿಗೆ ಉರಿಸಬಹುದಲ್ವಾ? ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇದೆ. ಪ್ರಯೋಗ ಅಲ್ಲಿ ಎಷ್ಟಾದರೂ ನಡೆಯಲಿ. ಕಬ್ಬಿನ ಬಿಲ್ಲು ಬಾಕಿ ಇರುವಾಗ ಕಾರ್ಖಾನೆ ದುಡ್ಡು ಇದಕ್ಕೆ ಬೇಡ.

ಮೆಥನಾಲ್ ವಿಷ ಅನ್ನೋದನ್ನೂ ಮರೆಯಬಾರದು. ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣು ತೆಗೆಯುತ್ತದೆ, ಜೀವವನ್ನೂ. ನೋಡೋಕೆ ಎಥನಾಲಿನ ಹಾಗೇ ಇರುತ್ತದೆ. ಡಿಸ್ಟಿಲರಿ ಅಂಗಳದಲ್ಲಿ ಎರಡರ ಟ್ಯಾಂಕೂ ಅಕ್ಕಪಕ್ಕ ನಿಂತರೆ ಬೀಗ, ಕಾವಲು, ಹನಿ ಹನಿ ಲೆಕ್ಕ ಬೇಕು. ಇದರ ಖರ್ಚನ್ನು ಪರ ಮಾತಾಡುವವರು ಲೆಕ್ಕಕ್ಕೇ ಹಿಡಿದಿಲ್ಲ.