ಒಂದು ಹಿಮ್ಮಡಿ, ಹತ್ತು ನ್ಯಾಯಮೂರ್ತಿಗಳು

ನಮ್ಮ ತಾತ ಘಾಟಿ ದನಗಳ ಜಾತ್ರೆಗೆ ಹೋದರೆ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡೋರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಆಮೇಲೆ ಸುಳಿ, ಗೊರಸು. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತೇನೋ ಅಂತ ನೋಡೋರು. ಕೊನೆಗೆ ದಳ್ಳಾಳಿ ಹೆಗಲ ಮೇಲಿನ ಟವೆಲ್ ಎಳೆದು ಕೈಗಳ ಮೇಲೆ ಹೊದಿಸೋನು, ಒಳಗೆ ಬೆರಳು ಹಿಡಿದು ರೇಟು ಮಾತಾಡೋರು. ಸುತ್ತ ನಿಂತ ಜನಕ್ಕೆ ಏನೂ ಕಾಣ್ತಿರಲಿಲ್ಲ. ಆ ಟವೆಲ್ ಯಾಕೆ ಅಂತ ಚಿಕ್ಕಂದಿನಲ್ಲಿ ನನಗೆ ಹೊಳೆದಿರಲಿಲ್ಲ. ಡಲ್ಲಾಸ್ ಪಕ್ಕದ ಊರಿಗೆ ಬಂದು ಫ್ಯಾಂಟಸಿ ಫುಟ್‌ಬಾಲ್ ಲೀಗ್ ಸೇರಿದ ಮೇಲೆ ಹೊಳೆಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲ್. ಆಗಸ್ಟ್ ಕೊನೆಯಲ್ಲಿ ನಾವು ಹನ್ನೆರಡು ಜನ ಒಂದು ಗ್ಯಾರೇಜಿನಲ್ಲಿ ಕೂತು, ಇಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ 32 ತಂಡಗಳ ಆಟಗಾರರನ್ನು ಸರದಿ ಪ್ರಕಾರ ಹಂಚಿಕೊಳ್ಳುತ್ತೇವೆ, ಇದಕ್ಕೆ ಡ್ರಾಫ್ಟ್ ಅಂತ ಹೆಸರು. ನನ್ನ ಪಾಲಿಗೆ ಬಂದವನು ನಿಜವಾದ ಪಂದ್ಯದಲ್ಲಿ 10 ಗಜ ಓಡಿದರೆ ನನಗೆ 1 ಅಂಕ, ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರೆ 6. ವಾರವಾರ ನಾವು ಇಬ್ಬಿಬ್ಬರಾಗಿ ಎದುರಾಗುತ್ತೇವೆ, ಹೆಚ್ಚು ಅಂಕ ಬಂದವನು ಗೆದ್ದ. ನಮ್ಮ ಲೀಗಿನಲ್ಲಿ ಚೆಂಡು ಹಿಡಿದರೂ 1 ಅಂಕ. ಅಂದರೆ ಒಬ್ಬ ಚೆಂಡು ಹಿಡಿದು, ಗಾಬರಿಯಲ್ಲಿ 3 ಗಜ ಹಿಂದಕ್ಕೆ ಓಡಿ ಬಿದ್ದರೂ 0.7 ಅಂಕ ಲಾಭ. ಹಿಂದಕ್ಕೆ ಹೋದವನಿಗೂ ಇನ್‌ಕ್ರಿಮೆಂಟ್ ಕೊಡೋ ಇಂಥ ವ್ಯವಸ್ಥೆಯನ್ನು ನಾನು ಆಫೀಸಿನ ಹೊರಗೆ ಕಂಡದ್ದು ಇಲ್ಲಿ ಮಾತ್ರ. 1962ರಲ್ಲಿ ಓಕ್ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತವರ ಗೆಳೆಯರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಈ ಆಟ ಕಟ್ಟಿದರಂತೆ. ಅವರಿಗೆ ಬೇರೆ ಕೆಲಸ ಇರಲಿಲ್ಲ. ನಮಗೆ ಇದೆ, ಆದರೂ.

ನಮ್ಮ ಲೀಗಿನಲ್ಲಿ ಎಂಟು ಜನ ಕನ್ನಡದವರು, ಇಬ್ಬರು ತೆಲುಗಿನವರು, ಇಬ್ಬರು ಟೆಕ್ಸಸ್ಸಿನಲ್ಲೇ ಹುಟ್ಟಿದವರು. ಸೆಪ್ಟೆಂಬರಿಂದ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ತಂಡದ ಹೆಸರೇ. ಬಿಸಿಬೇಳೆ ಬ್ಲಿಟ್ಜ್ ಶಿವಮೊಗ್ಗದವನು. ತಟ್ಟೆ ಇಡ್ಲಿ ಟಚ್‌ಡೌನ್ ಬಿಡದಿಯವನು. ನಾನು ಘಾಟಿ ಗೂಳಿಗಳು. ಲೀಗ್ ನಡೆಸುವ ಕಮಿಷನರ್ ಸಾಹೇಬರು ಹಗಲು ಹೊತ್ತು ಡೇಟಾಬೇಸ್ ಕಾಯುವವರು. ಲೀಗಿಗೆ ಅವರೇ ಬರೆದ ನಿಯಮಾವಳಿ 14 ಪುಟ. ಅದರಲ್ಲಿ ಆಟಗಾರರ ಅದಲುಬದಲಿಗೆ, ಅಂದರೆ ಟ್ರೇಡ್‌ಗೆ, 6 ಪುಟ.

ಟ್ರೇಡ್ ಅಂದರೆ ಸರಳ: ನಿನ್ನ ಹತ್ತಿರ ಹೆಚ್ಚಿರೋದು ನನಗೆ ಕೊಡು, ನನ್ನ ಹತ್ತಿರ ಹೆಚ್ಚಿರೋದು ನೀನು ತಗೋ. ಇಷ್ಟೇ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಈಗ ಪ್ರತಿ ಫೋನಿನಲ್ಲೂ ಟ್ರೇಡ್ ಅಳೆಯುವ ಆ್ಯಪ್ ಇದೆ. ಇತ್ತ ಒಬ್ಬನ ಹೆಸರು ಹಾಕಿ, ಅತ್ತ ಇಬ್ಬರ ಹೆಸರು ಹಾಕಿದರೆ ತಕ್ಕಡಿ ತೂಗಿ, ಹಸಿರು ಕೆಂಪು ಪಟ್ಟಿ ತೋರಿಸಿ, ‘ನೀನು ಮೋಸ ಹೋದೆ’ ಅನ್ನುತ್ತದೆ. ಅದರ ಲೆಕ್ಕದಲ್ಲಿ ಎರಡು ಎಂಟಾಣೆಗೆ ಒಂದು ರೂಪಾಯಿ ಸಮ. ಆಡಿಸಲಿಕ್ಕೆ ಇರುವ ಜಾಗ ಒಂದೇ ಆದಾಗ ಎರಡನೇ ಎಂಟಾಣೆ ಬೆಂಚಿನ ಮೇಲೆ ಕೂತು ಸೊನ್ನೆ ಅಂಕ ಕೊಡುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ. ಹನ್ನೆರಡು ಜನ ಚೆಂಡು ಎಸೆಯುವ ಒಬ್ಬೊಬ್ಬ ಕ್ವಾರ್ಟರ್‌ಬ್ಯಾಕ್ ಆಡಿಸಿದರೆ ತಂಡಕ್ಕೊಬ್ಬನಂತೆ ದೇಶದಲ್ಲಿ ಇನ್ನೂ 20 ಜನ ಉಳಿಯುತ್ತಾರೆ, ಹಾಗಾಗಿ ಎರಡನೇ ಕ್ವಾರ್ಟರ್‌ಬ್ಯಾಕ್ ಕೊಡ್ತೀನಿ ಅನ್ನುವವನು ಶ್ರಾವಣದಲ್ಲಿ ಕೋಳಿ ಮಾರಲು ಬಂದ ಹಾಗೆ. ಅದೂ ಆ್ಯಪಿಗೆ ತಿಳಿಯದು.

ನನ್ನ ಕಥೆ 2024ರದು. ಡ್ರಾಫ್ಟಿನಲ್ಲಿ ಮೊದಲ ಚೀಟಿ ನನಗೇ ಬಂತು. ಕಣ್ಣುಮುಚ್ಚಿ ಕ್ರಿಶ್ಚಿಯನ್ ಮೆಕಾಫ್ರಿಯನ್ನು ತಗೊಂಡೆ. ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಓಟಗಾರ, ಹಿಂದಿನ ವರ್ಷದ ಅತ್ಯುತ್ತಮ ಆಕ್ರಮಣ ಆಟಗಾರ ಪ್ರಶಸ್ತಿ ಅವನದೇ. ಮೊದಲ ಪಂದ್ಯ ಸೆಪ್ಟೆಂಬರ್ 9, ಸೋಮವಾರ ರಾತ್ರಿ. ಆಟಕ್ಕೆ ಒಂದೂವರೆ ಗಂಟೆ ಮುಂಚೆ ಬಂದ ಪಟ್ಟಿಯಲ್ಲಿ ಅವನು ಆಡುವುದಿಲ್ಲ ಅಂತಿತ್ತು. ಬದಲಿಗೆ ಇಳಿದ ಜೋರ್ಡನ್ ಮೇಸನ್ 147 ಗಜ ಓಡಿದ. ಮೇಸನ್ ನನ್ನ ಹತ್ತಿರ ಇರಲಿಲ್ಲ, ತಟ್ಟೆ ಇಡ್ಲಿ ಹತ್ತಿರ ಇದ್ದ. ರಾತ್ರಿಯೆಲ್ಲ ವಾಟ್ಸಾಪಿನಲ್ಲಿ ಇಡ್ಲಿ ಚಿತ್ರಗಳು.

ಆಮೇಲೆ ಶುರುವಾಯಿತು ಹಿಮ್ಮಡಿ ಪುರಾಣ. ಕ್ಯಾಲಿಫೋರ್ನಿಯದ ಆ ಮನುಷ್ಯನ ಹಿಮ್ಮಡಿಯ ಊತದ ಬಗ್ಗೆ ನಮ್ಮ ಹನ್ನೆರಡು ಜನಕ್ಕೆ ಇದ್ದಷ್ಟು ಮಾಹಿತಿ ತಮ್ಮ ಸ್ವಂತ ಸಕ್ಕರೆ ಕಾಯಿಲೆ ಬಗ್ಗೆ ಇರಲಿಲ್ಲ. ಚಿಕಿತ್ಸೆಗೆ ಅವನು ಜರ್ಮನಿಗೆ ಹೋದ ಅಂತ ಸುದ್ದಿ ಬಂದ ದಿನ ಗುಂಪಿನಲ್ಲಿ ಗೆಲುವು ತುಂಬಿತು: ಜರ್ಮನಿ ಅಂದಮೇಲೆ ವಾಸಿಯಾಗ್ತಾನೆ ಬಿಡಿ! ಊರಲ್ಲಿದ್ದಾಗ ಸೊಂಟ ಉಳುಕಿದರೆ ಪುತ್ತೂರು ಕಟ್ಟು ಅನ್ನುತ್ತಿದ್ದ ಬಾಯಿಗಳೇ ಇವೂ. ಇನ್ನು ಅಧಿಕೃತ ಗಾಯದ ಪಟ್ಟಿ ಒಂದಿದೆ. ಅದರಲ್ಲಿ ‘ಪ್ರಾಬಬಲ್’ ಅನ್ನುವ ದರ್ಜೆಯನ್ನು 2016ರಲ್ಲೇ ಕಿತ್ತುಹಾಕಿದರು. ಉಳಿದದ್ದು ‘ಕ್ವೆಶ್ಚನಬಲ್’, ‘ಡೌಟ್‌ಫುಲ್’, ‘ಔಟ್’. ಬಹುಶಃ ಅನ್ನುವುದನ್ನೂ ಕಿತ್ತ ಮೇಲೆ ಭಕ್ತರಿಗೆ ಉಳಿಯುವುದು ಜ್ಯೋತಿಷ್ಯ ಮಾತ್ರ.

ಅಕ್ಟೋಬರ್ ಬರುವ ಹೊತ್ತಿಗೆ ನಾನು ನಾಲ್ಕಕ್ಕೆ ನಾಲ್ಕೂ ಸೋತಿದ್ದೆ, ಬಿಸಿಬೇಳೆ ನಾಲ್ಕಕ್ಕೆ ನಾಲ್ಕೂ ಗೆದ್ದಿದ್ದ. ಒಂದು ಸಂಜೆ ಅವನ ಫೋನು.

“ಮಾರಾಯ, ನಿನ್ನ ಮೆಕಾಫ್ರಿ ಕೊಡ್ತೀಯನ? ಜೇಮ್ಸ್ ಕುಕ್ ತಗೋ, ಜೊತೆಗೆ ಟೆರ್ರಿ ಮೆಕ್ಲಾರಿನ್ನೂ ತಗೋ.”

“ಮೆಕಾಫ್ರಿ ಕಾಲು ಸರಿಯಿಲ್ಲ ಕಣೋ, ಗೊತ್ತು ತಾನೆ?”

“ನಂಗೇನು ಅವಸರ? ಡಿಸೆಂಬರಿಗೆ ಬಂದ್ರೆ ಸಾಕು. ನಿಂಗೆ ಈ ಭಾನುವಾರಕ್ಕೇ ಬೇಕಲ್ಲ.”

ಕುಕ್ ಓಟಗಾರ, ಮೆಕ್ಲಾರಿನ್ ಚೆಂಡು ಹಿಡಿಯುವವನು. ಇದಕ್ಕಿಂತ ನೆಟ್ಟಗಿನ ವ್ಯಾಪಾರ ಘಾಟಿ ಜಾತ್ರೆಯಲ್ಲೂ ನಡೆದಿರಲಿಕ್ಕಿಲ್ಲ. ಅವನಿಗೆ ಕಾಯುವ ಶಕ್ತಿ ಇತ್ತು, ನನಗೆ ಇರಲಿಲ್ಲ. ಆದರೂ ಒಪ್ಪಲು ನಾನು ಮೂರು ದಿನ ತಗೊಂಡೆ. ನನ್ನ ಹೆಂಡತಿ ಅಂದಳು, “ಮನೆ ಕೊಳ್ಳುವಾಗ ಹತ್ತು ನಿಮಿಷದಲ್ಲಿ ಸೈನ್ ಹಾಕಿದ್ರಿ. ಇದಕ್ಕೇನ್ರೀ ಮೂರು ದಿನ?” ಅವಳಿಗೆ ಹೇಗೆ ಹೇಳಲಿ? 1990ರಲ್ಲಿ ಡೇನಿಯಲ್ ಕಾಹ್ನೆಮನ್, ರಿಚರ್ಡ್ ಥೇಲರ್ ಮತ್ತವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದ್ದಾರೆ: ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು ಮಾರಿ ಅಂದರೆ, ಕೊಳ್ಳುವವರು ಹೇಳುವುದರ ಸುಮಾರು ಎರಡರಷ್ಟು ಬೆಲೆ ಕೇಳುತ್ತಾರಂತೆ. ಕೈಗೆ ಬಂದು ಕೆಲವೇ ನಿಮಿಷವಾದ ಮಗ್ಗಿಗೇ ಹೀಗೆ. ನನ್ನ ಮೊದಲ ಚೀಟಿಯವನಿಗೆ, ಕುಂಟನಾದರೇನು, ನಾನು ಎಷ್ಟು ಕೇಳಬೇಕು!

ಅಂತೂ ಒಪ್ಪಿಗೆ ಒತ್ತಿದೆ. ಒತ್ತಿದೊಡನೆ ಆ್ಯಪ್ ಹನ್ನೆರಡು ಜನಕ್ಕೂ ಡಂಗುರ ಸಾರಿತು. ನಿಯಮದ ಪ್ರಕಾರ 24 ಗಂಟೆ ಪರಿಶೀಲನೆ. ಉಳಿದ ಹತ್ತು ಜನರಲ್ಲಿ ನಾಲ್ವರು ವೀಟೋ ಒತ್ತಿದರೆ ಟ್ರೇಡ್ ರದ್ದು. ಇಬ್ಬರು ಸೇರಿ ಒಬ್ಬನನ್ನು ಗೆಲ್ಲಿಸುವ ಒಳಒಪ್ಪಂದ ತಡೆಯಲಿಕ್ಕೆ ಈ ವೀಟೋ ಅಂತ 9ನೇ ಪುಟದಲ್ಲಿದೆ. ಆದರೆ ಆವತ್ತು ರಾತ್ರಿ ಬಂದ ತೀರ್ಪುಗಳನ್ನು ಓದಿದರೆ ಸುಪ್ರೀಂ ಕೋರ್ಟೇ ಪೀಠ ಬಿಟ್ಟು ಎದ್ದುಹೋಗಬೇಕು. ಒಬ್ಬ ಎಕ್ಸೆಲ್ ಶೀಟ್ ಹಾಕಿದ. ಇನ್ನೊಬ್ಬ ನಾಲ್ಕು ಆ್ಯಪ್‌ಗಳ ಸರಾಸರಿ ತೆಗೆದ. ನಾಲ್ಕೂ ಮೆಕಾಫ್ರಿಯನ್ನು ಆರೋಗ್ಯವಂತ ಅಂತಲೇ ಎಣಿಸಿದ್ದವು. ತಟ್ಟೆ ಇಡ್ಲಿ ಬರೆದ: “ಗುರೂ, ನಿನ್ನ ಒಳ್ಳೇದಕ್ಕೇ ವೀಟೋ ಹಾಕ್ತಿದೀನಿ. ಇದು ಹಗಲು ದರೋಡೆ.” ಮುಂದಿನ ಭಾನುವಾರ ನನ್ನ ಎದುರಾಳಿ ಅವನೇ. ಕುಕ್ ನನ್ನ ಕಡೆ ಆಡಿದರೆ ದರೋಡೆ ಯಾರದಾಗುತ್ತಿತ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ವೀಟೋ ಒತ್ತಿದ ಐದು ಜನರ ಮುಂದಿನ ವಾರಗಳ ಪಂದ್ಯಪಟ್ಟಿ ತೆಗೆದು ನೋಡಿದೆ. ಮೂರು ಜನಕ್ಕೆ ನಾನು ಬಾಕಿ ಇದ್ದೆ, ಇಬ್ಬರಿಗೆ ಬಿಸಿಬೇಳೆ. ಟೆಕ್ಸಸ್ಸಿನವರಿಬ್ಬರೂ ವೀಟೋ ಹಾಕಲಿಲ್ಲ. ಅವರಿಗೆ ನಮ್ಮ ವಿಷಯ ಬೇಕಿರಲಿಲ್ಲ. ನಿಷ್ಪಕ್ಷಪಾತ ಅಂದರೆ ಅಷ್ಟೇ ಇರಬೇಕು.

ಕಮಿಷನರ್ ಸಾಹೇಬರಿಗೆ ಮೇಲ್ಮನವಿ ಹಾಕಿದೆ. ಡಲ್ಲಾಸಿನಲ್ಲೇ ಇರುವ ನಮಗೆ ಡಲ್ಲಾಸಿನದೇ ಉದಾಹರಣೆ ಇದೆಯಲ್ಲ ಸಾರ್ ಅಂದೆ. 1989ರ ಅಕ್ಟೋಬರ್ 12ರಂದು ಕೌಬಾಯ್ಸ್ ತಂಡ ತನ್ನ ಒಬ್ಬನೇ ತಾರೆ ಹರ್ಷಲ್ ವಾಕರ್‌ನನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟು, ಬದಲಿಗೆ ಒಂದಷ್ಟು ಆಟಗಾರರನ್ನೂ, ಕಾಲೇಜಿನಿಂದ ಬರುವ ಹೊಸಬರನ್ನು ಹಂಚಿಕೊಳ್ಳುವ ಮುಂದಿನ ಡ್ರಾಫ್ಟ್‌ಗಳ ಆಯ್ಕೆಗಳನ್ನೂ ತಂತು. ಮೂರೇ ದಿನಕ್ಕೆ ವಾಕರ್ ಹೊಸ ಅಂಗಿಯಲ್ಲಿ 148 ಗಜ ಓಡಿದ. ಕೌಬಾಯ್ಸ್ ಆ ವರ್ಷ 16 ಪಂದ್ಯದಲ್ಲಿ ಗೆದ್ದದ್ದು 1. ಆವತ್ತು ಆ್ಯಪ್ ಇದ್ದಿದ್ದರೆ ಕೆಂಪು ಪಟ್ಟಿ ಪರದೆ ದಾಟಿ ಗೋಡೆ ಮೇಲೆ ಹರಿಯುತ್ತಿತ್ತು. ಆದರೆ ಆ ಆಯ್ಕೆಗಳ ಬೆನ್ನು ಹಿಡಿದೇ ಓಟಗಾರ ಎಮ್ಮಿಟ್ ಸ್ಮಿತ್ ಬಂದ, ಮುಂದಿನ ಹತ್ತು ವರ್ಷದೊಳಗೆ ಡಲ್ಲಾಸಿಗೆ ಮೂರು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಪಟ್ಟ, ಬಂತು. ವೈಕಿಂಗ್ಸ್‌ಗೆ ಇವತ್ತಿನವರೆಗೆ ಒಂದೂ ಬಂದಿಲ್ಲ. ತಮಾಷೆ ಅಂದರೆ, ಆಯ್ಕೆಗಳನ್ನು ಅಂಕದಲ್ಲಿ ತೂಗುವ ಪಟ್ಟಿ ಮಾಡಿದವರೂ ಇದೇ ಕೌಬಾಯ್ಸ್‌ನವರು, 1991ರಲ್ಲಿ: ಮೊದಲ ಆಯ್ಕೆಗೆ 3000 ಅಂಕ, ಎರಡನೆಯದಕ್ಕೆ 2600. ಅಂದರೆ ತಕ್ಕಡಿ ಮಾಡಿಕೊಂಡದ್ದು ವ್ಯಾಪಾರ ಗೆದ್ದ ಮೇಲೆ.

ಸಾಹೇಬರು ಪೂರ್ತಿ ಓದಿದರು. “ಪಾಯಿಂಟ್ ಇದೆ. ಆದ್ರೆ ನಮ್ಮ ಲೀಗಲ್ಲಿ ಆಗಿದ್ರೆ ಆ ವಾಕರ್ ಟ್ರೇಡನ್ನೂ ರದ್ದು ಮಾಡ್ತಿದ್ದೆ,” ಅಂದರು. ಮೂರು ಸೂಪರ್ ಬೌಲ್ ಉಳಿಯಿತು, ಮಿನೆಸೋಟದವರಿಗೆ ಇವರ ವಿಳಾಸ ಕೊಡಬೇಕು.

ಮೆಕಾಫ್ರಿ ನವೆಂಬರ್ 10ಕ್ಕೆ ವಾಪಸ್ ಬಂದ. ಮೂರು ಪಂದ್ಯ ಹಾಗೂ ಹೀಗೂ ಆಡಿದ. ನಾಲ್ಕನೆಯದು ಡಿಸೆಂಬರ್ 1ರ ರಾತ್ರಿ, ಬಫಲೋದಲ್ಲಿ, ಹಿಮದ ಸುರಿತದಲ್ಲಿ. ನಾನೂ ಬಿಸಿಬೇಳೆಯೂ ನಮ್ಮ ಮನೆ ಸೋಫಾದಲ್ಲಿ ಕೂತು ನೋಡುತ್ತಿದ್ದೆವು, ನಡುವೆ ಕೋಡುಬಳೆ ಡಬ್ಬಿ. ಮೊದಲ ಅರ್ಧದಲ್ಲೇ ಮೆಕಾಫ್ರಿ ಮಂಡಿ ಹಿಡಿದುಕೊಂಡು ಒಳಗೆ ಹೋದ. ಆ ವರ್ಷಕ್ಕೆ ಅಲ್ಲಿಗೇ ಮುಗಿಯಿತು. ಅದೇ ಮೈದಾನದಲ್ಲಿ, ಅದೇ ಹಿಮದಲ್ಲಿ, ಬಫಲೋ ಕಡೆಯಿಂದ ಜೇಮ್ಸ್ ಕುಕ್ 65 ಗಜ ಓಡಿ ಟಚ್‌ಡೌನ್ ಮಾಡಿದ. ಬಿಸಿಬೇಳೆ ಕುಣಿಯಲಿಲ್ಲ. ಕೋಡುಬಳೆಯೊಂದನ್ನು ನಿಧಾನವಾಗಿ ಮುರಿದು, “ನಿಂಗೆ ಕೊಟ್ಟಿದ್ದೆನಲ್ಲ ಮಾರಾಯ,” ಅಂದ.

ಕುಕ್ ಆ ಹಂಗಾಮಿನಲ್ಲಿ ನೆಲದ ಮೇಲೆ 16 ಟಚ್‌ಡೌನ್ ಮಾಡಿದ, ಮೆಕ್ಲಾರಿನ್ ಚೆಂಡು ಹಿಡಿದು 13. ಲೀಗನ್ನು ಬಿಸಿಬೇಳೆಯೇ ಗೆದ್ದ, ಅವನು ಬಿಟ್ಟುಕೊಡಲು ತಯಾರಿದ್ದ ಅವೇ ಇಬ್ಬರ ಬಲದಿಂದ. ಲೀಗಿನ ಸಮತೋಲನ ಕಾಪಾಡಿದ ಐದೂ ನ್ಯಾಯಮೂರ್ತಿಗಳು ಕೈಯಾರೆ ಅವನಿಗೆ ಪಟ್ಟ ಕಟ್ಟಿದರು. ಗೆದ್ದ ದಿನ ಅವನು ಐದು ಜನಕ್ಕೂ ಹೆಸರು ಹಾಕಿ ವಂದನಾರ್ಪಣೆ ಮಾಡಿದ. ಯಾರೂ ತಪ್ಪಾಯಿತು ಅನ್ನಲಿಲ್ಲ. ‘ಆಗಿನ ಡೇಟಾ ಪ್ರಕಾರ ತೀರ್ಪು ಸರಿಯಾಗೇ ಇತ್ತು’ ಅಂತ ತಟ್ಟೆ ಇಡ್ಲಿ ಎಕ್ಸೆಲ್ ಶೀಟನ್ನು ಮತ್ತೊಮ್ಮೆ ಹಾಕಿದ.

ಕೊನೆ ಸ್ಥಾನ ನನ್ನದು. ಕೊನೆಯವನಿಗೆ ಶಿಕ್ಷೆ ಅಮೆರಿಕದಲ್ಲೆಲ್ಲ ಚಾಲ್ತಿಯಲ್ಲಿರುವುದೇ: ಹಗಲು ರಾತ್ರಿ ತೆಗೆದಿರುವ ವಾಫಲ್ ಹೋಟೆಲಿನಲ್ಲಿ 24 ಗಂಟೆ ಕೂರಬೇಕು, ಒಂದು ವಾಫಲ್ ತಿಂದರೆ ಒಂದು ಗಂಟೆ ಮಾಫಿ. ಜನವರಿಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೂತೆ. ಮೊದಲ ಮೂರು ವಾಫಲ್ ರುಚಿಯಾಗಿದ್ದವು. ಆರನೆಯದರ ಹೊತ್ತಿಗೆ ಆ ಚೌಕಚೌಕದ ಗುಂಡಿಗಳು ಎಕ್ಸೆಲ್ ಶೀಟಿನ ಹಾಗೆ ಕಾಣತೊಡಗಿದವು. ರಾತ್ರಿ ಎರಡಕ್ಕೆ ಬಿಸಿಬೇಳೆ ಬಂದ, ಜೇಬಿನಲ್ಲಿ ಚಟ್ನಿಪುಡಿ ಪೊಟ್ಟಣ.

“ಎಷ್ಟಾಯ್ತು?”

“ಏಳು. ಎಂಟನೇದು ಇಳೀತಿಲ್ಲ.”

“ಇತ್ಲಾಗೆ ಕೊಡು, ನಾ ತಿಂತೀನಿ. ಬದ್ಲಿಗೆ ಮುಂದಿನ ವರ್ಷದ ನಿನ್ನ ಕೊನೇ ಸುತ್ತಿನ ಆಯ್ಕೆ ನಂಗೆ.”

ತಟ್ಟೆಯ ಮೇಲೆ ಪೇಪರ್ ನ್ಯಾಪ್ಕಿನ್ ಹೊದಿಸಿ ಅವನ ಕಡೆ ತಳ್ಳಿದೆ. ಹಿಂದಿನ ಮೇಜಿನಲ್ಲಿ ಲೀಗಿನ ಕಡೆಯಿಂದ ಕಾವಲಿಗೆ ಕೂತಿದ್ದ ತಟ್ಟೆ ಇಡ್ಲಿ ಫೋಟೋ ಹೊಡೆದು ಗುಂಪಿಗೆ ಹಾಕಿದ. ರಾತ್ರಿ ಎರಡು ಗಂಟೆ ಎಂಟು ನಿಮಿಷ. ಎರಡು ಹನ್ನೆರಡಕ್ಕೆ ನಾಲ್ಕು ವೀಟೋ ಬಿದ್ದಿತ್ತು.